ಒಂದೇ ಹಾಸಿನ ಮೇಜು

ಎರಡನೆಯ ಮೇಜಿನ ಮೇಲೂ ಚೆಂಡು ಸತ್ತುಬಿತ್ತು. ಅವನು ಅದನ್ನು ಎತ್ತಿಕೊಂಡು, ಊದಿ ದೂಳು ಹಾರಿಸಿ, ಮೂರನೆಯ ಮೇಜಿನ ಮೇಲೆ ಗಲ್ಲದ ಎತ್ತರದಿಂದ ಬಿಟ್ಟ. ಟಕ್ಕೆಂದು ಬಡಿದು ಎದೆಯ ತನಕ ಎದ್ದಿತು. ಮತ್ತೆ ಬಿಟ್ಟ. ಮತ್ತೆ ಅಲ್ಲಿಗೇ ಎದ್ದಿತು. ಮೂಲೆಯಲ್ಲಿ ಬಿಟ್ಟ, ಅಂಚಿನಲ್ಲಿ ಬಿಟ್ಟ, ನಡುವೆ ಬಲೆ ನಿಲ್ಲುವ ಜಾಗದ ಎರಡೂ ಪಕ್ಕದಲ್ಲಿ ಬಿಟ್ಟ. ಮೇಜು ಎಲ್ಲ ಕಡೆಯೂ ಒಂದೇ ಮಾತು ಹೇಳಿತು.

"ಏನ್ ಸಾರ್, ಕಲ್ಲಂಗಡಿ ತಟ್ಟಿ ನೋಡಿದ ಹಾಗೆ ನೋಡ್ತಿದ್ದೀರಿ," ಎಂದ ಕಾರ್ಖಾನೆಯ ಮ್ಯಾನೇಜರು.

ಅದು ಸಿಮೆಂಟಿನ ಸಾಮಾನು ಎರಕ ಹೊಯ್ಯುವ ಕಾರ್ಖಾನೆ. ಚರಂಡಿ ಪೈಪು, ಪಾರ್ಕಿನ ಬೆಂಚು, ಬೇಲಿ ಕಂಬ, ಮ್ಯಾನ್‌ಹೋಲಿನ ಮುಚ್ಚಳ ಎಲ್ಲ ಬಯಲಿನಲ್ಲಿ ಸಾಲಾಗಿ ಬಿದ್ದಿದ್ದವು. ಸಾಲಿನ ಕೊನೆಯಲ್ಲಿ ಕಾಂಕ್ರೀಟಿನ ಟೇಬಲ್ ಟೆನಿಸ್ ಮೇಜುಗಳು. ಬಿಸಿಲಿಗೆ ಬಾಗದ, ಮಳೆಗೆ ಉಬ್ಬದ, ಕಳ್ಳರಿಗೆ ಬೇಡದ ಮೇಜುಗಳು ಎಂದು ಮ್ಯಾನೇಜರು ಬೆಳಗಿನಿಂದ ಹೊಗಳುತ್ತಿದ್ದ. ಶಾಲೆಯವರು, ಪಾರ್ಕಿನವರು ಕೊಳ್ಳುವ ಮಾಲು. ಮನೆಗೆಂದು ಕೇಳಿಕೊಂಡು ಬಂದ ಮೊದಲ ಗಿರಾಕಿ ಇವನೇ ಅಂತೆ.

ಎರಡು ಹೋಳಿನದ್ದನ್ನೇ ಒಯ್ಯಿರಿ ಎಂಬುದು ಮ್ಯಾನೇಜರನ ಸಲಹೆ. ಅರ್ಧ ಅರ್ಧವಾಗಿ ಸಾಗಿಸಬಹುದು, ಸಣ್ಣ ಕ್ರೇನು ಸಾಕು, ಕೂಡಿಸಿ ಬೋಲ್ಟು ಬಿಗಿದರೆ ನಡುವಿನ ಸಂದು ನೆಟ್ಟಿನ ಕೆಳಗೆ ಹೋಗಿಬಿಡುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಯಾರ ಕಣ್ಣಿಗೂ ಬೀಳದ್ದು ತನ್ನ ಕಣ್ಣಿಗೆ ಬೀಳುತ್ತದೆ ಎಂಬುದೇ ಅವನ ಬದುಕಿನ ತೊಂದರೆ. ಪಠ್ಯಪುಸ್ತಕ ಹೊರತರುವ ಪ್ರಕಾಶನವೊಂದರಲ್ಲಿ ಅವನು ಕರಡು ತಿದ್ದುವವನು. ತಿದ್ದುವುದು ಮೊದಲು ಹೊಟ್ಟೆಪಾಡಾಗಿತ್ತು, ಆಮೇಲೆ ಚಾಳಿಯಾಯಿತು. ಅಂಗಡಿಯ ಬೋರ್ಡು, ಬಸ್ಸಿನ ಬೆನ್ನ ಮೇಲಿನ ಬರಹ, ಊಟಕ್ಕೆ ಕೂತಾಗ ಹೆಂಡತಿ ಹೇಳುವ ಕತೆ, ಯಾವುದನ್ನೂ ಅವನು ಹಾಗೇ ಬಿಟ್ಟವನಲ್ಲ. ಮ್ಯಾನೇಜರು ಕೊಟ್ಟ ಹಾಳೆಯಲ್ಲೇ ಆಗಲೇ ನಾಲ್ಕಾರು ತಪ್ಪು ಕಂಡಿದ್ದವು. ತುಟಿ ಬಿಚ್ಚದೆ ಅದನ್ನು ಮಡಚಿ ಜೇಬಿಗಿಟ್ಟುಕೊಂಡಿದ್ದ. ಇವತ್ತಿನ ಮೊದಲ ಗೆಲುವು ಅದು.

"ಎರಡು ಹೋಳಿಂದು ಬೇಡ. ಇದು, ಈ ಒಂದೇ ಹಾಸಿಂದು ಇರಲಿ."

"ಒಂದೂವರೆ ಟನ್ ಇದೆ ಸಾರ್. ಇಟ್ಟರೆ ಇಟ್ಟ ಹಾಗೇ. ಆಮೇಲೆ ಒಂಚೂರು ಆ ಕಡೆ ಸರಿಸಿ ಅಂದ್ರೆ ನಾನಲ್ಲ, ನಮ್ಮಪ್ಪ ಬಂದ್ರೂ ಆಗಲ್ಲ."

"ಅದಕ್ಕೇ ಬೇಕು," ಎಂದ ಅವನು.

ಮಿಕ್ಕ ಆಯ್ಕೆಗಳು ಸಲೀಸಾಗಿ ನಡೆದವು. ಮೂಲೆಗಳು ಚೂಪಾಗಿರಬಾರದು, ದುಂಡಗಿರಬೇಕು. ಅಣ್ಣನಿಗೆ ವಯಸ್ಸಾಗಿದೆ, ಸೊಂಟಕ್ಕೆ ತಾಗಬಾರದು. ಹಸಿರು ಬಣ್ಣ ಬೇಡ, ನಾಲ್ಕು ಮಳೆಗೆ ಸುಲಿಯುತ್ತದೆ. ಉಜ್ಜಿ ನಯ ಮಾಡಿದ ಬೂದು ಮೈಯೇ ಸಾಕು. ನೆಟ್ಟಿಗೆ ಸರಪಳಿಯ ಜಾಲರಿ ಇತ್ತು, ಗಾಳಿ ಬಂದರೆ ಗಲಗಲ ಅನ್ನುವಂಥದ್ದು. ಅವನು ತೂತು ಕೊರೆದ ಉಕ್ಕಿನ ತಗಡು ಆರಿಸಿದ. ತೂತಿನ ಮೂಲಕ ಆಚೆ ಕಡೆಯವರು ಕಾಣುತ್ತಾರೆ. ಇಷ್ಟನ್ನು ಅವನು ವಾರಗಟ್ಟಲೆ ಯೋಚಿಸಿ ಇಟ್ಟುಕೊಂಡಿದ್ದ. ಮ್ಯಾನೇಜರಿಗೆ ಅದೆಲ್ಲ ಅಲ್ಲೇ ಹೊಳೆದ ಹಾಗೆ ಕಂಡಿತು. ನೀವು ಎಂಜಿನಿಯರಾ ಎಂದು ಕೇಳಿದ. ಅವನು ಇಲ್ಲವೆನ್ನಲಿಲ್ಲ.

ಮೇಜು ತಯಾರಾದ ದಿನ ಲಾರಿಯ ಹಿಂದೆ ಹಿಂದೆಯೇ ಸ್ಕೂಟರಿನಲ್ಲಿ ಬರುತ್ತ ಅವನು ಸಿಳ್ಳೆ ಹಾಕಿದ. ಮೇಜು ಲಾರಿಯ ಮೇಲೆ ಅಂಗಾತ ಮಲಗಿ ಆಕಾಶ ನೋಡುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತವರೆಲ್ಲ ಕತ್ತೆತ್ತಿ ನೋಡಿದರು. ತನ್ನದು ಎಂದು ಹೇಳಿಕೊಳ್ಳಬೇಕು ಅನ್ನಿಸಿತು ಅವನಿಗೆ, ಪಕ್ಕದಲ್ಲಿ ನಿಂತ ಯಾರಿಗಾದರೂ ಸರಿ.

ಅವನದೂ ಅಣ್ಣನದೂ ಬೆನ್ನಿಗೆ ಬೆನ್ನು ಹಾಕಿದ ಮನೆಗಳು. ಚೆನ್ನಾಗಿದ್ದ ಕಾಲದಲ್ಲಿ ಕೂಡಿಯೇ ಕಟ್ಟಿಸಿದ್ದು. ಮುಂಬಾಗಿಲುಗಳು ಬೇರೆ ಬೇರೆ ಬೀದಿಗೆ, ನಡುವಿನ ಹಿತ್ತಲು ಮಾತ್ರ ಒಂದೇ. ಎರಡು ಅಡುಗೆಮನೆಗಳ ಬಾಗಿಲೂ ಅದಕ್ಕೆ ತೆರೆಯುತ್ತಿದ್ದವು. ಹೆಂಗಸರಿಬ್ಬರು ಬಟ್ಟೆ ಒಣಹಾಕುತ್ತ ಮಾತಾಡಿಕೊಳ್ಳುತ್ತಿದ್ದರು. ಅಣ್ಣ ತಮ್ಮಂದಿರ ನಡುವೆ ಮಾತಿರಲಿಲ್ಲ.

ಜಗಳವೆಂದರೆ ಜಗಳವೂ ಅಲ್ಲ. ಅಣ್ಣ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಿವೃತ್ತಿಯ ದಿನದ ಸಭೆಯಲ್ಲಿ ಮಾತಾಡುತ್ತ, ಚಿಕ್ಕಂದಿನಲ್ಲಿ ಹಳೆಯ ಬಾಗಿಲೊಂದನ್ನು ಎರಡು ಪೆಟ್ಟಿಗೆಗಳ ಮೇಲೆ ಹಾಸಿಕೊಂಡು ತಮ್ಮನ ಜೊತೆ ಟೇಬಲ್ ಟೆನಿಸ್ ಆಡುತ್ತಿದ್ದದ್ದನ್ನು ನೆನೆಸಿಕೊಂಡ. ನನ್ನ ತಮ್ಮ ಒಂದು ದಿನವೂ ನನ್ನನ್ನು ಗೆಲ್ಲಲಿಲ್ಲ, ಆದರೆ ಒಂದು ದಿನವೂ ಆಡುವುದು ಬಿಡಲಿಲ್ಲ, ಎಂದ. ಅದು ಪ್ರೀತಿಯ ಮಾತು ಎಂದು ಸಭೆಗೆಲ್ಲ ಗೊತ್ತಾಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ತಮ್ಮ ಎದ್ದು ನಿಂತು, ಒಂದು ಸಲ ಗೆದ್ದಿದ್ದೇನೆ, ಇಪ್ಪತ್ತೊಂದು ಹತ್ತೊಂಬತ್ತು, ಎಂದ. ಸಭೆ ಗೊಳ್ಳೆಂದು ನಕ್ಕಿತು. ಅಣ್ಣನಿಗೆ ಮಾತಿನ ಎಳೆ ತಪ್ಪಿಹೋಯಿತು. ಮೈಕನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತು, ಹಾಗೇ ಕೂತುಬಿಟ್ಟ. ಅಂದಿನಿಂದ ಮಾತು ನಿಂತಿತು. ತಮ್ಮನೂ ತಾನಾಗಿ ಹೋಗಿ ಮಾತಾಡಿಸಲಿಲ್ಲ. ತಾನು ಹೇಳಿದ್ದು ನಿಜವಾಗಿತ್ತಲ್ಲ.

ನಿಜ ಹೇಳಿದವನು ಒಂಟಿಯಾಗುತ್ತಾನೆ ಎಂದು ಕೆಲವು ವರ್ಷ ತನಗೆ ತಾನೇ ಸಮಾಧಾನ ಹೇಳಿಕೊಂಡ. ಆಮೇಲೆ ಅದೂ ಹಳಸಿತು. ಆಫೀಸಿನಲ್ಲಿ ದಿನವಿಡೀ ಇನ್ನೊಬ್ಬರ ವಾಕ್ಯ, ಮನೆಯಲ್ಲಿ ಹೆಂಡತಿಯ ಎಚ್ಚರಿಕೆಯ ಮೌನ. ತಪ್ಪು ಹಿಡಿಯುತ್ತಾನೆಂದು ಹೆದರಿ ಜನ ಅವನೆದುರು ಮಾತನ್ನೇ ಕಡಿಮೆ ಮಾಡಿದ್ದರು. ತನ್ನನ್ನು ಗದರಿಸಿ, ಸುಮ್ಮನಿರೋ ಎನ್ನುವವನು ಭೂಮಿಯ ಮೇಲೆ ಒಬ್ಬನೇ ಇದ್ದ, ಅವನು ಹಿತ್ತಲಿನ ಆಚೆ ಇದ್ದ. ಅಣ್ಣ ಬೇಕು ಅನ್ನಿಸಿತು. ಹಾಗೆ ಹೇಳಲು ನಾಲಗೆ ಹೊರಳಲಿಲ್ಲ.

ಆಗ ಹೊಳೆದದ್ದು ಮೇಜು. ಹುಡುಗರಾಗಿದ್ದಾಗ ಎಣಿಕೆಯ ಬಗ್ಗೆ ತಮ್ಮ ತಕರಾರು ತೆಗೆಯುತ್ತಾನೆಂದು ಅಣ್ಣನೇ ಒಂದು ಕಟ್ಟಳೆ ಮಾಡಿದ್ದ. ಸರ್ವಿಸು ಮಾಡುವವನು ಇಬ್ಬರ ಪಾಯಿಂಟನ್ನೂ, ತನ್ನದು ಮೊದಲಾಗಿ, ಗಟ್ಟಿಯಾಗಿ ಹೇಳಬೇಕು. ಎದುರಿನವನು ಹೌದು ಅನ್ನಬೇಕು. ಅನ್ನುವ ತನಕ ಚೆಂಡನ್ನು ಕೈ ಬಿಡುವಂತಿಲ್ಲ. ಅಂದರೆ, ಆಟ ಶುರುವಾದರೆ ಅಣ್ಣ ಬಾಯಿ ಬಿಡಲೇಬೇಕು. ಈ ಲೆಕ್ಕಾಚಾರ ಅವನಿಗೆ ಎಷ್ಟು ಹಿಡಿಸಿತೆಂದರೆ, ಅಂದು ಆಫೀಸಿನಲ್ಲಿ ಒಂದು ಅಧ್ಯಾಯವನ್ನು ಒಂದೂ ತಪ್ಪು ಹಿಡಿಯದೆ ಕಳಿಸಿಬಿಟ್ಟ.

ಮೊದಲು ತಂದದ್ದು ಮರದ ಮೇಜು, ಮಡಚುವಂಥದ್ದು. ಹಿತ್ತಲಿನ ನಡುವೆ ಬಿಡಿಸಿ ಇಟ್ಟು ಬಂದ. ಮಾರನೆಯ ಬೆಳಿಗ್ಗೆ ಅದು ಮಡಚಿಕೊಂಡು ಗೋಡೆಗೆ ಒರಗಿ ನಿಂತಿತ್ತು. ಯಾರು ಮಡಚಿದರು ಎಂದು ಅವನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಮಳೆಗೆ ಹಲಗೆ ಉಬ್ಬಿ ಸೀಳಿತು. ಮಡಚುವಂಥದ್ದನ್ನು ತಂದರೆ ಮಡಚುತ್ತಾರೆ, ಸರಿಸುವಂಥದ್ದನ್ನು ತಂದರೆ ಸರಿಸುತ್ತಾರೆ, ಅಷ್ಟೇ ತಾನೆ, ಎಂದುಕೊಂಡ.

ಕಾಂಕ್ರೀಟಿನದ್ದಕ್ಕೆ ಅಣ್ಣನ ಒಪ್ಪಿಗೆ ಬೇಕಿತ್ತು. ಅತ್ತಿಗೆಯ ಮೂಲಕ ಕೇಳಿಸಿದ. ಅವಳು ಮರುದಿನ ಬಟ್ಟೆಗೆ ಕ್ಲಿಪ್ಪು ಸಿಕ್ಕಿಸುತ್ತ, ಅವನ ಕಡೆ ನೋಡದೆ, "ಈಗೀಗ ಅವರು ಯಾವುದಕ್ಕೂ ಬೇಡ ಅನ್ನಲ್ಲ," ಎಂದಿದ್ದಳು. ಮೌನವೇ ಸಮ್ಮತಿಯಾಗುವ ಲೋಕದಲ್ಲಿ ಇದು ಸಹಿ ಹಾಕಿ ಕೊಟ್ಟ ಹಾಗೆ. ಅವನಿಗೂ ಕೆಲವು ಗುರುತುಗಳು ಕಂಡಿದ್ದವು. ಅಣ್ಣ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವುದನ್ನು ಬಿಟ್ಟಿದ್ದ. ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ತಮ್ಮನ ಮನೆಯ ಕಡೆಗೇ ಮುಖ ಮಾಡಿ ಕೂರುತ್ತಿದ್ದ. ಕಣ್ಣಿಗೆ ಕಣ್ಣು ಸಿಕ್ಕರೆ ಮೊದಲಿನಂತೆ ತಿರುಗಿಸಿಕೊಳ್ಳುತ್ತಿರಲಿಲ್ಲ. ಅಣ್ಣ ಮೆತ್ತಗಾಗಿದ್ದಾನೆ ಎಂದು ಅವನು ತೀರ್ಮಾನಿಸಿದ.

ಕ್ರೇನು ಮೇಜನ್ನು ಎತ್ತಿದಾಗ ಅಕ್ಕಪಕ್ಕದ ತಾರಸಿಗಳೆಲ್ಲ ತುಂಬಿಹೋದವು. ಬೂದು ಹಾಸು ಕಾಂಪೌಂಡು ಗೋಡೆಯ ಮೇಲಿಂದ, ಬಟ್ಟೆಯ ತಂತಿಯ ಮೇಲಿಂದ, ನಿಧಾನಕ್ಕೆ ತೇಲಿ ಬಂತು. ಯಾರೋ ಚಪ್ಪಾಳೆ ಹೊಡೆದರು. ಅವನು ಎರಡೂ ಕೈ ಎತ್ತಿ ಎಡಕ್ಕೆ, ಬಲಕ್ಕೆ, ಸಾಕು ಎಂದು ಸನ್ನೆ ಮಾಡುತ್ತ ನಿಂತಿದ್ದ. ಒಂದೂವರೆ ಟನ್ ಭಾರ ಅವನ ಬೆರಳು ಹೇಳಿದ ಕಡೆ ತಿರುಗುತ್ತಿತ್ತು. ಹುಟ್ಟಿದಂದಿನಿಂದ ತನ್ನ ಮಾತನ್ನು ಇಷ್ಟು ಜನ ಇಷ್ಟು ಚೆನ್ನಾಗಿ ಕೇಳಿದ್ದು ಇದೇ ಮೊದಲು ಅನ್ನಿಸಿತು.

ನೆಟ್ಟು ಎಲ್ಲಿ ಬರಬೇಕೆಂದು ಅವನು ಮೊದಲೇ ಗೆರೆ ಹಾಕಿಸಿದ್ದ. ಎರಡು ಮನೆಗಳ ಜಾಗ ಕೂಡುವ ಗೆರೆ ಅದು. ಅರ್ಧ ಮೇಜು ಅಣ್ಣನ ನೆಲದಲ್ಲಿ, ಅರ್ಧ ತನ್ನ ನೆಲದಲ್ಲಿ. ಸಂಜೆಯ ಬಿಸಿಲು ಅಣ್ಣನ ಬೆನ್ನಿಗೆ ಬೀಳುವಂತಿತ್ತು, ತನ್ನ ಕಣ್ಣಿಗೆ. ಅದನ್ನೂ ಬೇಕೆಂದೇ ಹಾಗೆ ಬಿಟ್ಟಿದ್ದ. ಮಟ್ಟಗೋಲಿಟ್ಟು ನೋಡಿದಾಗ ಅದರೊಳಗಿನ ಗಾಳಿಗುಳ್ಳೆ ಸರಿಯಾಗಿ ನಡುವೆ ನಿಂತಿತು.

ಕ್ರೇನು ಹೋದ ಮೇಲೆ ಹೆಂಡತಿ ಚಹಾ ತಂದಳು. ಮೇಜಿನ ಸುತ್ತ ಒಂದು ಸುತ್ತು ಬಂದು, ಮೂಗಿಗಿಂತ ಮೂಗುತಿ ಭಾರವಾಯಿತು ಎಂದಳು. ಹಿತ್ತಲಿನಲ್ಲಿ ಇನ್ನು ಹಪ್ಪಳ ಹಾಕುವಷ್ಟೂ ಜಾಗವಿಲ್ಲ ಎಂದಳು. ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

"ಒಂದು ಮಾತಾಡ್ಸೋಕೆ ಒಂದೂವರೆ ಟನ್ ಬೇಕಾ ರೀ? ಆ ಬಾಗಿಲು ತಟ್ಟಿ ಅಣ್ಣಾ ಅಂದಿದ್ರೆ ಆಗ್ತಿರಲಿಲ್ವಾ?"

"ಸಂಜೆ ನೋಡು," ಎಂದ.

ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು.

ಬಿಸಿಲು ಇಳಿಯುವ ಹೊತ್ತಿಗೆ ಅವನು ಎರಡು ಬ್ಯಾಟು, ಒಂದು ಚೆಂಡು ಹಿಡಿದು ಹೊರಗೆ ಬಂದ. ಅಣ್ಣ ಆಚೆ ಕುರ್ಚಿಯಲ್ಲಿ ಕೂತಿದ್ದ. ಅವನು ಮೇಜಿನ ಆ ತುದಿಗೆ ಹೋಗಿ, ಒಂದು ಬ್ಯಾಟನ್ನೂ ಚೆಂಡನ್ನೂ ಅಲ್ಲಿಟ್ಟು, ತನ್ನ ಕಡೆಗೆ ಬಂದು, ಒಣಗಿದ್ದ ಮೇಜನ್ನೇ ಬಟ್ಟೆಯಿಂದ ಒರೆಸತೊಡಗಿದ. ಈ ವಯಸ್ಸಿನಲ್ಲಿ ಇದೇನು ನಾಚಿಕೆಗೇಡು ಎಂದು ತನ್ನನ್ನೇ ಬೈದುಕೊಂಡ.

ಅತ್ತಿಗೆ ಬಾಗಿಲಿಗೆ ಬಂದಳು. ಗಂಡನನ್ನು ನೋಡಿದಳು, ಮೈದುನನನ್ನು ನೋಡಿದಳು. ಮೆಟ್ಟಿಲಿಳಿದು ಅವನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು:

"ಆಡಿದ್ರೆ ಆಡ್ಲಿ. ಲೆಕ್ಕಪಕ್ಕ ಅಂತ ಮಾತ್ರ ಹಿಡ್ಕೋಬೇಡಿ."

ತನ್ನ ಹಳೆಯ ಚಾಳಿಯನ್ನು ಕುಟುಕುತ್ತಿದ್ದಾಳೆ ಎಂದುಕೊಂಡು ಅವನು ತಲೆತಗ್ಗಿಸಿ, "ಇಲ್ಲ ಅತ್ತಿಗೆ," ಎಂದ. ಅವಳು ಇನ್ನೂ ಏನೋ ಹೇಳುವವಳಂತೆ ನಿಂತಳು. ಆಮೇಲೆ ಹೋಗಿ ಮೆಟ್ಟಿಲ ಮೇಲೆ ಕೂತಳು.

ಅಣ್ಣ ಎದ್ದ.

ನಿಧಾನವಾಗಿ ಬಂದು ಮೇಜಿನ ದುಂಡು ಮೂಲೆಯನ್ನು ಅಂಗೈಯಿಂದ ಸವರಿದ. ಗೆಣ್ಣಿನಿಂದ ಕುಟ್ಟಿ ನೋಡಿದ. ಬ್ಯಾಟು ಎತ್ತಿಕೊಂಡ. ಹಿಡಿತ ಅದೇ, ತೋರುಬೆರಳು ರಬ್ಬರಿನ ಮೇಲೆ ಚಾಚಿದ ಅದೇ ಹಳೆಯ ಹಿಡಿತ. ಅಣ್ಣ ಚೆಂಡನ್ನು ಅಂಗೈಯಲ್ಲಿಟ್ಟು ಎತ್ತಿ ಹಿಡಿದ.

"ಸೊನ್ನೆ, ಸೊನ್ನೆ."

ಎಷ್ಟೋ ವರ್ಷಗಳ ಮೇಲೆ ಕೇಳಿದ ದನಿ. ಸ್ವಲ್ಪ ಒಡೆದಿತ್ತು, ಆದರೂ ಅದೇ ದನಿ. ಕಟ್ಟಳೆ ಅಣ್ಣನಿಗೆ ನೆನಪಿತ್ತು. ಯಾರೂ ನೆನಪಿಸದೆಯೇ ನೆನಪಿತ್ತು. ಅವನಿಗೆ ಕಣ್ಣು ತುಂಬಿ ಬಂತು. ಬಿಸಿಲಿಗೆ ಎಂದು ತೋರಿಸಲು ಕೈ ಅಡ್ಡ ಹಿಡಿದ. ಉತ್ತರ ಕೊಡಬೇಕೆಂಬುದೇ ಮರೆತುಹೋಗಿತ್ತು. ಅಣ್ಣ ಚೆಂಡು ಹಿಡಿದು ಕಾಯುತ್ತಿದ್ದ.

"ಹೌದು," ಎಂದ.

ಆಟ ಹತ್ತಿಕೊಂಡಿತು. ಅಣ್ಣನ ಕಾಲು ಸೋತಿದ್ದವು, ಕೈ ಸೋತಿರಲಿಲ್ಲ. ಚೆಂಡನ್ನು ಗಿರ್ರನೆ ತಿರುಗುವಂತೆ ಕೊಯ್ದು ಕೊಯ್ದು ಕಳಿಸುತ್ತಿದ್ದ. ಅದು ನಯವಾದ ಹಾಸಿನ ಮೇಲೆ ಬಿದ್ದು ಅಡ್ಡಕ್ಕೆ ಓಡುತ್ತಿತ್ತು. ಅವನು ಓಡಿದ, ಬೆವರಿದ, ನಕ್ಕ. ಒಂದು ಹೊಡೆತ ಅವನ ಪಕ್ಕೆಯಲ್ಲಿ ತೂರಿಹೋದಾಗ ಅಣ್ಣನೂ ನಕ್ಕ. ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿಯ ಮುಖ ಕಂಡಿತು. ನೋಡಿದೆಯಾ ಎಂಬಂತೆ ಅವನು ಬ್ಯಾಟು ಎತ್ತಿ ತೋರಿಸಿದ. ಸರ್ವಿಸು ಆ ಕಡೆಗೆ ಹೋಗಿ, ಈ ಕಡೆಗೆ ಬಂದು, ಸಂಖ್ಯೆಗಳು ಏರಿದವು. ಐದು, ಮೂರು. ಹೌದು. ಒಂಬತ್ತು, ಎಂಟು. ಹೌದು. ಇಷ್ಟು ಸಲೀಸಾಗಿ, ಇಷ್ಟು ಧಾರಾಳವಾಗಿ ಅವನು ಯಾರೊಡನೆಯೂ ಮಾತಾಡಿದ್ದು ನೆನಪಿರಲಿಲ್ಲ. ಆರಿಸಿದ್ದು ಸರಿಯಾಯಿತು, ಮೂಲೆ ಸರಿ, ಮೈ ಸರಿ, ತೂಕ ಸರಿ, ಎಂದು ಪ್ರತಿ ಟಕ್ಕಿಗೂ ಅವನ ಮನಸ್ಸು ಕುಣಿಯಿತು.

ಹೊತ್ತು ಮುಳುಗುತ್ತಿತ್ತು. ಸರ್ವಿಸು ಅಣ್ಣನದು.

"ಹದಿನೇಳು, ಹದಿನಾರು."

"ಹೌದು."

ಆ ಪಾಯಿಂಟು ಅವನೇ ಗೆದ್ದ. ಚೆಂಡು ಅಣ್ಣನ ಬ್ಯಾಟಿಗೆ ಸಿಗದೆ ಕುರ್ಚಿಯ ಕೆಳಗೆ ಹೋಯಿತು. ಅತ್ತಿಗೆ ಎದ್ದು ತೆಗೆದುಕೊಟ್ಟಳು. ಅಣ್ಣ ಅದನ್ನು ಎತ್ತಿ ಹಿಡಿದ.

"ಹದಿನೇಳು, ಹದಿನಾರು."

ಹದಿನೇಳು ಹದಿನೇಳು ಎಂಬುದು ಅವನ ನಾಲಗೆಯ ತುದಿಗೆ ಬಂದು ನಿಂತಿತು. ಬಂದದ್ದನ್ನು ಹಲ್ಲು ಕಚ್ಚಿ ತಡೆದ. ಅವನಿಗೆ ಎಲ್ಲ ಅರ್ಥವಾಯಿತು. ಬೋರ್ಡಿನ ಮೇಲೆ ಬೇಕೆಂದೇ ತಪ್ಪು ಲೆಕ್ಕ ಬರೆದು, ಯಾರು ಎದ್ದು ಹೇಳುತ್ತಾರೆ ಎಂದು ಕಾಯುವುದು ಅಣ್ಣನ ಹಳೆಯ ಉಪಾಯ. ಈಗ ಪರೀಕ್ಷೆ ತನಗೆ. ಅಂದು ಸಭೆಯಲ್ಲಿ ಎದ್ದು ನಿಂತವನು ಇವತ್ತೂ ಎದ್ದು ನಿಲ್ಲುತ್ತಾನೋ ನೋಡೋಣ ಎಂದು.

"ಹೌದು," ಎಂದ. ಆ ಸುಳ್ಳು ಎಷ್ಟು ಸಿಹಿಯಾಗಿತ್ತೆಂದರೆ ಇನ್ನೊಮ್ಮೆ ಹೇಳಬೇಕು ಅನ್ನಿಸಿತು.

ಹೇಳುವ ಅವಕಾಶ ಬೇಗ ಬಂತು. ಮುಂದಿನದನ್ನೂ ಅವನೇ ಗೆದ್ದ. ಅಣ್ಣ ಮತ್ತೆ ಹದಿನೇಳು ಹದಿನಾರು ಎಂದ. ಹೌದು ಎಂದ ಅವನು. ಗೆದ್ದೆ ಅಣ್ಣ, ನನ್ನನ್ನೇ ನಾನು ಗೆದ್ದೆ, ಸಾಕಾ, ಎಂದು ಕೂಗಬೇಕು ಅನ್ನಿಸಿತು. ಆ ಖುಷಿಯಲ್ಲಿ ಸುಲಭದ ಚೆಂಡೊಂದನ್ನು ತಗಡಿಗೆ ಹೊಡೆದು ಸೋತ. ಈಗ ಅಣ್ಣನಿಗೆ ಒಂದು ಹೆಚ್ಚಬೇಕು. ತನಗೆ ಬರಬೇಕಾದದ್ದನ್ನು ಯಾರೂ ಬಿಡುವುದಿಲ್ಲ.

"ಹದಿನೇಳು, ಹದಿನಾರು," ಎಂದ ಅಣ್ಣ.

ಅವನು ತಕ್ಷಣ ಹೌದು ಅನ್ನಲಿಲ್ಲ. ತಗಡಿನ ತೂತುಗಳಾಚೆ ಅಣ್ಣನ ಅಂಗಿ ಕಾಣುತ್ತಿತ್ತು. ಗುಂಡಿಗಳನ್ನು ಒಂದು ಕೆಳಗೆ ಒಂದು ಮೇಲೆ ಹಾಕಿಕೊಂಡಿದ್ದ. ಮೆಟ್ಟಿಲ ಮೇಲೆ ಅತ್ತಿಗೆ ಗಂಡನನ್ನು ನೋಡುತ್ತಿರಲಿಲ್ಲ, ಇವನನ್ನೇ ನೋಡುತ್ತಿದ್ದಳು. ಅವಳ ಎರಡೂ ಕೈ ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡಿದ್ದವು.

"ಹೌದು," ಎಂದ.

ಅಣ್ಣನಿಗೆ ಸಮಾಧಾನವಾದಂತಿತ್ತು. ಆದರೆ ಸರ್ವಿಸು ಮಾಡಲಿಲ್ಲ. ಚೆಂಡನ್ನು ಇಳಿಸಿ, ಮೇಜಿನ ಮೇಲೆ ಅಂಗೈ ಊರಿ, ಸ್ವಲ್ಪ ಮುಂದಕ್ಕೆ ಬಾಗಿ ಮಾತಾಡಿದ. ಸಂಖ್ಯೆಯಲ್ಲ, ಮಾತು. ಎಷ್ಟೋ ವರ್ಷ ಅವನು ಕಾದಿದ್ದ ಅಕ್ಕರೆಯೆಲ್ಲ ಆ ದನಿಯಲ್ಲಿತ್ತು.

"ನನ್ನ ತಮ್ಮನೂ ಥೇಟ್ ಹೀಗೇ ಆಡ್ತಾನೆ. ಸೋಲು ಅಂದ್ರೆ ಆಗಲ್ಲ ಅವನಿಗೆ. ಒಳ್ಳೇ ಹುಡುಗ. ಇನ್ನೇನು ಬರ್ತಾನೆ. ಅವನು ಬರೋ ತನಕ ಆಡೋಣ."

ತಮಾಷೆಯೇ? ಅಣ್ಣ ಮೊದಲಿನಿಂದಲೂ ಹಾಗೆ, ಎದುರಿಗಿದ್ದವನನ್ನೇ ಇಲ್ಲದವನನ್ನಾಗಿ ಮಾಡಿ ರೇಗಿಸುತ್ತಿದ್ದ. ಅವನು ನಗಲು ನೋಡಿದ. ಅಣ್ಣ ನಗುತ್ತಿರಲಿಲ್ಲ. ನಾನೇ, ಅಣ್ಣಾ ಎಂದರೆ ಸಾಕು, ಎರಡೇ ಶಬ್ದ, ಇವತ್ತಿಗೆ ತಿದ್ದಬೇಕಾದದ್ದು ಅಷ್ಟೇ. ಬಾಯಿ ತೆರೆದ. ಸಭೆಯಲ್ಲಿ ಮೈಕು ಹಿಡಿದು ನಿಂತ ಅಣ್ಣನ ಮುಖ ನೆನಪಾಯಿತು. ಬಾಯಿ ಮುಚ್ಚಿದ.

ಅತ್ತಿಗೆ ಎದ್ದು ಹಿಂಬಾಗಿಲಿನ ದೀಪ ಹಾಕಿದಳು. ಅಣ್ಣ ಬೆಳಕಿಗೆ ಬೆನ್ನಾಗಿದ್ದ, ಅವನ ಮುಖ ಕಪ್ಪಾಯಿತು. ಬೆಳಕು ಮೇಜಿನ ಉದ್ದಕ್ಕೂ ಹರಿದು, ತಗಡಿನ ನೆರಳನ್ನು ದಾಟಿ, ಇವನ ಮುಖದ ಮೇಲೆ ಬಂದು ನಿಂತಿತು. ಅಣ್ಣ ಆ ಮುಖವನ್ನು ಚೆನ್ನಾಗಿ ನೋಡಿದ. ಆಮೇಲೆ ಕತ್ತು ಚಾಚಿ, ಇವನ ಹೆಗಲ ಮೇಲಿಂದ, ಹಿಂದೆ ತೆರೆದೇ ಇದ್ದ ಬಾಗಿಲ ಕಡೆಗೆ ಇಣುಕಿದ. ಅಲ್ಲಿ ಯಾರೂ ಬರುತ್ತಿರಲಿಲ್ಲ.

"ಹದಿನೇಳು, ಹದಿನಾರು," ಎಂದು ಚೆಂಡನ್ನು ಎತ್ತಿ ಹಿಡಿದು ಕಾದ.